ಕುರಿನಾಯಿ ಕಳೆದುಕೊಂಡ ನಾಲ್ಕು ಅಕ್ಷರ

1980ರ ದಶಕದ ಆರಂಭದಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ಪಶುವೈದ್ಯರಿಗೆ ಒಂದು ಹೊಸ ತಲೆನೋವು ಶುರುವಾಯಿತು. ಜಂತುಹುಳುವಿಗೆಂದು ಬಂದ ಹೊಸ ಮದ್ದನ್ನು ದನಕ್ಕೆ ಕೊಟ್ಟರೆ ದನಕ್ಕೆ ಏನೂ ಆಗುತ್ತಿರಲಿಲ್ಲ, ಕುದುರೆಗೆ ಕೊಟ್ಟರೆ ಕುದುರೆಗೂ ಏನೂ ಆಗುತ್ತಿರಲಿಲ್ಲ. ನಾಯಿಗಳಲ್ಲಿ ಹೆಚ್ಚಿನವು ಅದನ್ನು ಸಲೀಸಾಗಿ ತಾಳಿಕೊಂಡವು. ಕೋಲಿ ತಳಿಯ ನಾಯಿಗಳದ್ದು ಮಾತ್ರ ಬೇರೆಯೇ ಪಾಡು. ಮದ್ದು ಕೊಟ್ಟ ಕೆಲವು ಗಂಟೆಗಳಲ್ಲಿ ನಾಯಿ ತೂರಾಡತೊಡಗುತ್ತಿತ್ತು. ಜೊಲ್ಲು ಸುರಿಯುತ್ತಿತ್ತು, ಕಣ್ಣಿನ ಪಾಪೆ ಅಗಲವಾಗಿ ದೃಷ್ಟಿ ಹೋಗುತ್ತಿತ್ತು, ಮೈ ನಡುಗುತ್ತಿತ್ತು. ಆಮೇಲೆ ಕೋಮಾ. ಕೆಲವು ನಾಯಿಗಳು ದಿನಗಟ್ಟಲೆ, ವಾರಗಟ್ಟಲೆ ಹಾಗೇ ಬಿದ್ದಿದ್ದು ಎದ್ದವು. ಕೆಲವು ಏಳಲೇ ಇಲ್ಲ.

ಕೋಲಿ ಎಂದರೆ ‘ಲ್ಯಾಸಿ’ ಸಿನಿಮಾದ ನಾಯಿ. ಉದ್ದ ಮೂತಿ, ಕತ್ತಿನ ಸುತ್ತ ದಟ್ಟ ಕೂದಲು, ಬಿಳಿ ಎದೆ, ಬಿಳಿ ಪಾದ. ಸ್ಕಾಟ್ಲೆಂಡಿನ ಗುಡ್ಡಗಳಲ್ಲಿ ಕುರಿ ಕಾಯುತ್ತಿದ್ದ ಈ ನಾಯಿಯನ್ನು ವಿಕ್ಟೋರಿಯಾ ರಾಣಿ ಮೆಚ್ಚಿ ಸಾಕಿದಳು. ಅಲ್ಲಿಂದ ಮುಂದೆ ಅದು ಸಿರಿವಂತರ ಮನೆಯಂಗಳಕ್ಕೂ ನಾಯಿ ಪ್ರದರ್ಶನಗಳಿಗೂ ಬಂತು. 1943ರ ಲ್ಯಾಸಿ ಸಿನಿಮಾ ಅದನ್ನು ಜಗತ್ತಿನ ಮಕ್ಕಳಿಗೆಲ್ಲ ಪರಿಚಯಿಸಿತು. ಇಷ್ಟು ಜನಪ್ರಿಯ ನಾಯಿಯ ಮೈಯಲ್ಲಿ ಒಂದು ದೋಷ ಅಡಗಿ ಕೂತಿದೆ ಎಂದು ನೂರು ವರ್ಷ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗಲು ದಾರಿಯೂ ಇರಲಿಲ್ಲ, ಏಕೆಂದರೆ ಆ ದೋಷವನ್ನು ಬಯಲಿಗೆಳೆಯುವ ಮದ್ದು ಇನ್ನೂ ಹುಟ್ಟಿರಲಿಲ್ಲ.

ಆ ಮದ್ದು ಹುಟ್ಟಿದ್ದು ಜಪಾನಿನ ಒಂದು ಹಿಡಿ ಮಣ್ಣಿನಿಂದ. ಟೋಕಿಯೋದ ಕಿಟಸಾಟೊ ಸಂಸ್ಥೆಯ ಸತೋಶಿ ಓಮುರಾ ಹೋದಲ್ಲೆಲ್ಲ ಮಣ್ಣು ಸಂಗ್ರಹಿಸುವ ಮನುಷ್ಯ. ಮಣ್ಣಿನ ಸೂಕ್ಷ್ಮಜೀವಿಗಳು ಏನೇನು ರಾಸಾಯನಿಕ ತಯಾರಿಸುತ್ತವೆ ಎಂದು ನೋಡುವುದು ಅವರ ಕೆಲಸ. ಇಟೊ ನಗರದ ಕವಾನಾ ಎಂಬಲ್ಲಿ ಗಾಲ್ಫ್ ಮೈದಾನದ ಬಳಿ ತೆಗೆದ ಮಣ್ಣಿನಲ್ಲಿ ಸಿಕ್ಕ ಒಂದು ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯವನ್ನು ಅವರ ತಂಡ ಅಮೆರಿಕದ ಮರ್ಕ್ ಕಂಪನಿಗೆ ಕಳಿಸಿತು. ಅಲ್ಲಿ ಐರ್ಲೆಂಡ್ ಮೂಲದ ವಿಲಿಯಂ ಕ್ಯಾಂಪ್‌ಬೆಲ್ ಮತ್ತು ಜೊತೆಗಾರರು ಅದನ್ನು ಹುಳುಬಾಧೆಯ ಇಲಿಗಳ ಮೇಲೆ ಪರೀಕ್ಷಿಸಿ ಬೆರಗಾದರು. ಆ ವಸ್ತುವನ್ನೇ ತುಸು ಮಾರ್ಪಡಿಸಿ ತಯಾರಿಸಿದ್ದು ಐವರ್‌ಮೆಕ್ಟಿನ್. 1981ರಲ್ಲಿ ಜಾನುವಾರುಗಳ ಮದ್ದಾಗಿ ಅದು ಪೇಟೆಗೆ ಬಂತು. ದನ, ಕುದುರೆ, ಕುರಿಗಳಿಗೆ ಕಿಲೋ ತೂಕಕ್ಕೆ 200 ಮೈಕ್ರೋಗ್ರಾಂ ಸಾಕು. ಹೊಟ್ಟೆಯ ಹುಳುವೂ ಹೋಯಿತು, ಮೈಮೇಲಿನ ನುಸಿಯೂ ಹೋಯಿತು. ಮುಂದೆ ಆಫ್ರಿಕದ ‘ನದಿ ಕುರುಡು’ ರೋಗಕ್ಕೆ ಅದೇ ಮದ್ದಾಯಿತು. 1987ರಲ್ಲಿ ಮರ್ಕ್ ಕಂಪನಿ ಆ ರೋಗಕ್ಕೆ ಬೇಕಾದಷ್ಟೂ ಮಾತ್ರೆಗಳನ್ನು ಪುಕ್ಕಟೆ ಕೊಡುವುದಾಗಿ ಘೋಷಿಸಿತು. ಓಮುರಾ ಮತ್ತು ಕ್ಯಾಂಪ್‌ಬೆಲ್ 2015ರ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಕೋವಿಡ್ ಕಾಲದಲ್ಲಿ ನಮ್ಮ ಮನೆಮನೆಯಲ್ಲೂ ಹೆಸರು ಕೇಳಿಬಂದದ್ದು ಇದೇ ಐವರ್‌ಮೆಕ್ಟಿನ್. ಆ ರೋಗಕ್ಕೆ ಅದು ಉಪಯೋಗಕ್ಕೆ ಬರಲಿಲ್ಲ ಎಂಬುದು ಬೇರೆ ಮಾತು.

ಈ ಮದ್ದು ಹುಳುವನ್ನು ಕೊಂದು ಪ್ರಾಣಿಯನ್ನು ಉಳಿಸುವುದು ಹೇಗೆ? ಹುಳುಗಳ ನರ ಮತ್ತು ಸ್ನಾಯುಗಳಲ್ಲಿ ಕ್ಲೋರೈಡ್ ಹರಿಯುವ ಒಂದು ಬಗೆಯ ಬಾಗಿಲುಗಳಿವೆ. ಐವರ್‌ಮೆಕ್ಟಿನ್ ಅಲ್ಲಿ ಕೂತು ಅವನ್ನು ಮುಚ್ಚದಂತೆ ತೆರೆದಿಡುತ್ತದೆ. ಹುಳುವಿಗೆ ಲಕ್ವ ಹೊಡೆಯುತ್ತದೆ. ಸಸ್ತನಿಗಳಲ್ಲಿ ಅಂಥದೇ ಬಾಗಿಲುಗಳಿಲ್ಲ. ಆದರೆ ಅವುಗಳ ದೂರದ ನೆಂಟನಂಥ ಗಾಬಾ ಗ್ರಾಹಕಗಳು ಮಿದುಳಿನಲ್ಲಿವೆ. ಮದ್ದು ಸಾಕಷ್ಟು ಪ್ರಮಾಣದಲ್ಲಿ ಅಲ್ಲಿಗೆ ತಲುಪಿದರೆ ಅವುಗಳನ್ನೂ ಹಿಡಿಯುತ್ತದೆ. ನಾವೂ ದನಗಳೂ ಬದುಕಿಕೊಂಡಿರುವುದು ಮದ್ದು ಮಿದುಳಿಗೆ ತಲುಪದ ಕಾರಣದಿಂದ, ಅಷ್ಟೆ.

ನಾಯಿಗಳ ವಿಷಯಕ್ಕೆ ಬರೋಣ. ಆಗ ಐವರ್‌ಮೆಕ್ಟಿನ್‌ಗೆ ನಾಯಿಗಳಲ್ಲಿ ಬಳಸುವ ಪರವಾನಗಿ ಇರಲಿಲ್ಲ. ಆದರೆ ಹಳ್ಳಿಯ ಕಡೆ ಪರವಾನಗಿಯನ್ನು ಕಾಯುವವರು ಯಾರು? ದನದ ಇಂಜೆಕ್ಷನ್ನನ್ನೋ ಕುದುರೆಯ ಪೇಸ್ಟನ್ನೋ ಅಂದಾಜಿನಲ್ಲಿ ನಾಯಿಗೂ ಕೊಟ್ಟರು. ಕಜ್ಜಿ ವಾಸಿಯಾಯಿತು, ಹುಳು ಬಿತ್ತು. ಜೊತೆಗೆ 1983ರ ಹೊತ್ತಿಗೆ ಪಶುವೈದ್ಯಕೀಯ ಪತ್ರಿಕೆಗಳಲ್ಲಿ ಅಡ್ಡಪರಿಣಾಮದ ವರದಿಗಳು ಬರತೊಡಗಿದವು, ಅವುಗಳಲ್ಲಿ ಕೋಲಿಯ ಹೆಸರು ಮತ್ತೆ ಮತ್ತೆ ಕಾಣಿಸಿಕೊಂಡಿತು. ಮದ್ದನ್ನು ನೇರವಾಗಿ ಕೊಡದಿದ್ದರೂ ಅಪಾಯವಿತ್ತು. ಕುದುರೆ ಬಾಯಿಂದ ಉಗುಳಿದ ಪೇಸ್ಟನ್ನು ನೆಕ್ಕಿದ ನಾಯಿ, ಮದ್ದು ಕುಡಿಸಿದ ಕುರಿ ಕುದುರೆಗಳ ಹಿಕ್ಕೆ ಲದ್ದಿ ತಿಂದ ನಾಯಿ ಕೂಡ ಮಗುಚಿ ಬೀಳುತ್ತಿತ್ತು. ಕುರಿ ಕಾಯುವ ನಾಯಿ ಕುರಿಹಟ್ಟಿಯಲ್ಲೇ ತಾನೇ ಇರಬೇಕು!

ಸಂಶೋಧಕರು ಲೆಕ್ಕ ಹಾಕಿ ನೋಡಿದಾಗ ಅಂತರ ದಂಗುಬಡಿಸುವಂತಿತ್ತು. ಪ್ರಯೋಗಾಲಯದ ಬೀಗಲ್ ನಾಯಿಗೆ ಕಿಲೋಗೆ 2000 ಮೈಕ್ರೋಗ್ರಾಂ ಒಮ್ಮೆಲೇ ಕೊಟ್ಟರೂ ಅದು ಬಾಲ ಅಲ್ಲಾಡಿಸಿಕೊಂಡು ಓಡಾಡುತ್ತಿತ್ತು. ಸೂಕ್ಷ್ಮ ಕೋಲಿಗೆ 100, 200 ಮೈಕ್ರೋಗ್ರಾಂ ಆದರೂ ಸಾಕು, ವಿಷವೇರುತ್ತಿತ್ತು. ಇನ್ನೂ ಸೋಜಿಗದ ಸಂಗತಿ: ಎಲ್ಲ ಕೋಲಿಗಳೂ ಹೀಗಲ್ಲ. ಒಂದೇ ಮನೆಯ, ಒಂದೇ ಬಣ್ಣದ ಎರಡು ಕೋಲಿಗಳಲ್ಲಿ ಒಂದು ಸಾಯುವ ಸ್ಥಿತಿಗೆ ಹೋದರೆ ಇನ್ನೊಂದಕ್ಕೆ ಏನೂ ಆಗದಿರಬಹುದು. ನೋಡಿ ಹೇಳಲು ಯಾವ ಗುರುತೂ ಇಲ್ಲ.

ಮರ್ಕ್ ಕಂಪನಿಯ ಪಶುವೈದ್ಯರೂ ಕೈಕಟ್ಟಿ ಕೂರಲಿಲ್ಲ. ಕೋಲಿಗಳಿಗೇ ಮದ್ದು ಕೊಟ್ಟು ನೋಡಿದ ಅಧ್ಯಯನ 1985ರಲ್ಲಿ ಪ್ರಕಟವಾಯಿತು. ಸೂಕ್ಷ್ಮ ನಾಯಿಗಳ ಮಿದುಳಿನಲ್ಲಿ ಐವರ್‌ಮೆಕ್ಟಿನ್ ಹೆಚ್ಚಾಗಿ ಸೇರಿರುವುದು ಅದರಲ್ಲಿ ಕಂಡಿತು. ಈ ಪ್ರಯೋಗಗಳಲ್ಲಿ ನಾಯಿಗಳು ಪಟ್ಟ ಪಾಡನ್ನು ಓದುವುದು ಕಷ್ಟ. ಇಂದಿನ ನೈತಿಕ ಸಮಿತಿಗಳು ಅವಕ್ಕೆ ಸುಲಭವಾಗಿ ಒಪ್ಪಿಗೆ ಕೊಡಲಾರವು ಎಂದೇ ನನ್ನ ಅನಿಸಿಕೆ. ಆದರೂ ಅವುಗಳಿಂದ ಒಂದು ಒಳ್ಳೆಯದಾಯಿತು. ನಾಯಿಯ ಹೃದಯದ ಹುಳು ತಡೆಯಲು ಕಿಲೋಗೆ ಕೇವಲ 6 ಮೈಕ್ರೋಗ್ರಾಂ ಸಾಕು, ಆ ಪ್ರಮಾಣ ಕೋಲಿಗೂ ಅಪಾಯವಲ್ಲ ಎಂದು ಖಚಿತವಾಯಿತು. ತಿಂಗಳಿಗೊಂದು ಮಾತ್ರೆಯಾಗಿ ಅದು 1987ರಲ್ಲಿ ಅಮೆರಿಕದಲ್ಲಿ ಬಂತು.

ಅಂದರೆ 1980ರ ದಶಕ ಮುಗಿಯುವಷ್ಟರಲ್ಲಿ ಗೊತ್ತಿದ್ದದ್ದು ಇಷ್ಟು: ಕೆಲವು ಕೋಲಿಗಳ ಮಿದುಳಿಗೆ ಮದ್ದು ಹೆಚ್ಚಾಗಿ ಹೋಗುತ್ತದೆ. ಏಕೆ ಹೋಗುತ್ತದೆ ಎಂಬುದು ಗೊತ್ತಿರಲಿಲ್ಲ. ರಕ್ತಕ್ಕೂ ಮಿದುಳಿಗೂ ನಡುವೆ ಇರುವ ತಡೆಗೋಡೆಯಲ್ಲಿ ಏನೋ ಐಬಿರಬೇಕು ಎಂದು ಊಹಿಸಿದರು. ಉತ್ತರ ಗೊತ್ತಿಲ್ಲದಿದ್ದರೂ ವೈದ್ಯರು ಒಂದು ಸೂತ್ರವನ್ನಂತೂ ಮಾಡಿಕೊಂಡರು: ಬಿಳಿ ಪಾದ ಕಂಡರೆ ಈ ಮದ್ದು ಬೇಡ. ಜೀವ ಉಳಿಸಿದ ಸೂತ್ರ ಅದು, ಅಲ್ಲಗಳೆಯುವಂತಿಲ್ಲ. ಆದರೆ ಬಿಳಿ ಪಾದಕ್ಕೂ ಈ ದೋಷಕ್ಕೂ ನೇರ ಸಂಬಂಧವಿಲ್ಲ. ಪಾದ ಬಿಳಿಯಾಗಿದ್ದೂ ನಿರಪಾಯವಾದ ನಾಯಿಗಳು ಬೇಕಾದಷ್ಟು, ಪಾದದಲ್ಲಿ ಬಿಳಿಯ ಸೋಂಕೂ ಇಲ್ಲದ ಸೂಕ್ಷ್ಮ ನಾಯಿಗಳೂ ಉಂಟು.

ಉತ್ತರದ ಒಂದು ತುಂಡು ಆ ಹೊತ್ತಿಗಾಗಲೇ ಕೆನಡಾದ ಟೊರಾಂಟೊದಲ್ಲಿ ಸಿಕ್ಕಿತ್ತು. ಆದರೆ ಅಲ್ಲಿ ನಾಯಿಯ ಮಾತು ಆಡುವವರೇ ಇರಲಿಲ್ಲ. ಕ್ಯಾನ್ಸರ್ ಕೋಶಗಳು ಒಂದು ಮದ್ದಿಗೆ ಪಳಗಿದರೆ, ಹಿಂದೆಂದೂ ಕಾಣದ ಬೇರೆ ಮದ್ದುಗಳಿಗೂ ಜಗ್ಗದಂತಾಗುವುದು ಏಕೆ ಎಂಬುದು ಅಲ್ಲಿಯವರ ಚಿಂತೆ. ರುಡಾಲ್ಫ್ ಜೂಲಿಯಾನೊ ಮತ್ತು ವಿಕ್ಟರ್ ಲಿಂಗ್ ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಕೋಶಗಳನ್ನು ಕೊಲ್ಚಿಸಿನ್ ಎಂಬ ವಿಷಕ್ಕೆ ಪಳಗಿಸಿ ನೋಡಿದರು. ಪಳಗಿದ ಕೋಶಗಳ ಹೊರಪೊರೆಯಲ್ಲಿ ಒಂದು ದೊಡ್ಡ ಪ್ರೋಟೀನು ರಾಶಿ ಬಿದ್ದಿತ್ತು. 1976ರಲ್ಲಿ ಅದನ್ನು ವರದಿ ಮಾಡಿ ಪಿ-ಗ್ಲೈಕೊಪ್ರೋಟೀನ್ ಎಂದು ಹೆಸರಿಟ್ಟರು. ಪೊರೆಯ ಮೂಲಕ ಮದ್ದು ಒಳನುಸುಳುವುದನ್ನೇ ಅದು ಕಡಿಮೆ ಮಾಡುತ್ತದೆ ಎಂದು ಅವರು ಆಗ ಬಗೆದಿದ್ದರು.

ಅದು ನಿಜಕ್ಕೂ ಮಾಡುವ ಕೆಲಸ ಬೇರೆ. ಕೊಬ್ಬಿನಲ್ಲಿ ಕರಗುವ ಮದ್ದುಗಳು ಕೋಶದ ಪೊರೆಯೊಳಗೆ ತಾವಾಗಿಯೇ ನುಗ್ಗುತ್ತವೆ, ತಡೆಯುವವರಿಲ್ಲ. ತಳ ಸೋರುವ ಹರಿಗೋಲಿನಲ್ಲಿ ಕೂತ ಅಂಬಿಗ ನೀರನ್ನು ಮೊಗೆಮೊಗೆದು ಹೊರಗೆ ಚೆಲ್ಲುವಂತೆ ಪಿ-ಗ್ಲೈಕೊಪ್ರೋಟೀನ್ ಒಳಬಂದ ಮದ್ದನ್ನು ಹೊರಗೆ ಎತ್ತಿ ಹಾಕುತ್ತದೆ, ಇದಕ್ಕೆ ಕೋಶದ ಶಕ್ತಿಯನ್ನು ಖರ್ಚು ಮಾಡುತ್ತದೆ. ಈ ಪ್ರೋಟೀನನ್ನು ತಯಾರಿಸುವ ಜೀನಿಗೆ ಎಂಡಿಆರ್-1 ಎಂದು ಹೆಸರು ಬಂತು. ಹಲವು ಮದ್ದುಗಳಿಗೆ ಜಗ್ಗದಂತೆ ಮಾಡುವ ಜೀನ್ ಎಂಬುದು ಅದರ ತಾತ್ಪರ್ಯ. ಈಗಿನ ಅಧಿಕೃತ ಹೆಸರು ಎಬಿಸಿಬಿ-1. ನಾಯಿ ಸಾಕುವವರ ಬಾಯಲ್ಲಿ ಮಾತ್ರ ಹಳೆಯ ಹೆಸರೇ ಉಳಿದಿದೆ.

ಕ್ಯಾನ್ಸರ್ ಕೋಶದಲ್ಲಿ ಮೊದಲು ಕಂಡ ಪ್ರೋಟೀನು ಆರೋಗ್ಯವಂತ ಮೈಯಲ್ಲೂ ಇದೆ ಎಂಬುದು 1980ರ ದಶಕದ ಕೊನೆಯ ಭಾಗದಲ್ಲಿ ಗೊತ್ತಾಯಿತು. ಕರುಳಿನ ಒಳಪದರದಲ್ಲಿ, ಪಿತ್ತಜನಕಾಂಗದಲ್ಲಿ, ಮೂತ್ರಪಿಂಡದಲ್ಲಿ ಅದು ಸಿಕ್ಕಿತು. 1989ರಲ್ಲಿ ಮಿದುಳಿನ ಕಿರುರಕ್ತನಾಳಗಳ ಗೋಡೆಯಲ್ಲೂ ಕಂಡಿತು. ಅಲ್ಲಿ ಅದಕ್ಕೇನು ಕೆಲಸ? ಊಹೆಗಳಿದ್ದವು. ಪುರಾವೆ ಬೇಕಿತ್ತು.

ಪುರಾವೆ ಕೊಟ್ಟದ್ದು ನುಸಿಕಾಟ.

ಆಮ್‌ಸ್ಟರ್‌ಡ್ಯಾಮಿನ ನೆದರ್ಲೆಂಡ್ಸ್ ಕ್ಯಾನ್ಸರ್ ಸಂಸ್ಥೆಯಲ್ಲಿ ಆಲ್ಫ್ರೆಡ್ ಸ್ಕಿಂಕೆಲ್ ಎಂಬ ವಿಜ್ಞಾನಿ ಈ ಜೀನನ್ನು ಕೆಡಿಸಿದ ಇಲಿಗಳನ್ನು ಬೆಳೆಸಿದ್ದರು. ಇಲಿಗಳಲ್ಲಿ ಈ ಜೀನು ಎರಡು ರೂಪದಲ್ಲಿದೆ. ಮಿದುಳಿನ ರಕ್ತನಾಳಗಳಲ್ಲಿ ಕೆಲಸ ಮಾಡುವ ರೂಪವನ್ನು ಅವರ ತಂಡ ನಿಷ್ಕ್ರಿಯಗೊಳಿಸಿತ್ತು. ಹೀಗೆ ಮಾಡಿದರೆ ಇಲಿಗೆ ಏನಾದರೂ ಕೇಡಾಗಬೇಕು ಎಂದು ಕಾದರೆ ಏನೂ ಆಗಲಿಲ್ಲ. ಇಲಿಗಳು ತಿಂದುಂಡು ಮರಿ ಹಾಕಿಕೊಂಡು ಸುಖವಾಗಿದ್ದವು. ಅಷ್ಟರಲ್ಲಿ ಇಲಿಮನೆಗೆ ನುಸಿ ಬಿತ್ತು. ಇಲಿ ಸಾಕುವ ಯಾವ ಪ್ರಯೋಗಾಲಯದಲ್ಲೂ ಆಗಾಗ ಬರುವ ಪೀಡೆ ಅದು, ಅದಕ್ಕೆ ರೂಢಿಯ ಮದ್ದೂ ಇದೆ. ತೆಳುವಾಗಿ ಕಲಸಿದ ಐವರ್‌ಮೆಕ್ಟಿನ್ನನ್ನು ಇಲಿಗಳ ಮೇಲೆ ಸಿಂಪಡಿಸಿದರು. ಜೀನಿನ ಎರಡೂ ಪ್ರತಿ ಕೆಟ್ಟಿದ್ದ ಇಲಿಗಳು ಹೆಚ್ಚುಕಡಿಮೆ ಎಲ್ಲವೂ ಸತ್ತುಹೋದವು. ಪಕ್ಕದಲ್ಲಿದ್ದ ಮಾಮೂಲಿ ಇಲಿಗಳಿಗೆ, ಒಂದೇ ಪ್ರತಿ ಕೆಟ್ಟಿದ್ದ ಇಲಿಗಳಿಗೆ ಏನೂ ಆಗಲಿಲ್ಲ.

ವರ್ಷಗಟ್ಟಲೆ ಬೆಳೆಸಿದ ಇಲಿಗಳು ಒಟ್ಟಿಗೆ ಸತ್ತರೆ ಬೇರೆಯವರು ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರೇನೋ. ಈ ತಂಡ ಸತ್ತ ಇಲಿಗಳನ್ನೇ ಸಾಕ್ಷಿಯಾಗಿ ತೆಗೆದುಕೊಂಡಿತು. ಅಳೆದು ನೋಡಿದರೆ ಜೀನು ಕೆಟ್ಟ ಇಲಿಗಳು ಐವರ್‌ಮೆಕ್ಟಿನ್‌ಗೆ 50ರಿಂದ 100 ಪಟ್ಟು ಹೆಚ್ಚು ಸೂಕ್ಷ್ಮವಾಗಿದ್ದವು, ಮಿದುಳಿನಲ್ಲಿ ಮದ್ದು 80 ಪಟ್ಟಿಗೂ ಮೀರಿ ಸೇರಿತ್ತು. 1994ರಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಪ್ರಕಟವಾದ ಆ ಪ್ರಬಂಧ ಒಂದನ್ನು ಸಾಬೀತು ಮಾಡಿತು: ಮಿದುಳಿನ ತಡೆಗೋಡೆ ಬರೀ ಗೋಡೆಯಲ್ಲ, ಅಲ್ಲೊಂದು ಪಂಪು ಹಗಲಿರುಳು ಓಡುತ್ತಿದೆ. ಅದು ನಿಂತರೆ ನಿರಪಾಯವಾದ ಮದ್ದೂ ವಿಷವಾಗುತ್ತದೆ. ನುಸಿ ಬೀಳದೆ ಹೋಗಿದ್ದರೆ, ಅಥವಾ ಬೇರೆ ಯಾವುದೋ ಮದ್ದು ಸಿಂಪಡಿಸಿದ್ದರೆ, ಈ ಸಂಗತಿ ಇಷ್ಟು ಬೇಗ ಗೊತ್ತಾಗುತ್ತಿತ್ತೇ ಎಂಬುದು ಅನುಮಾನ.

ಮೂರು ವರ್ಷದ ನಂತರ, 1997ರಲ್ಲಿ, ಮರ್ಕ್ ಕಂಪನಿಯ ವಿಷವಿಜ್ಞಾನಿಗಳೇ ಇನ್ನೊಂದು ಕೊಂಡಿಯನ್ನು ಸೇರಿಸಿದರು. ಸಿಎಫ್-1 ಎಂಬ ತಳಿಯ ಪ್ರಯೋಗಾಲಯದ ಇಲಿಗಳಲ್ಲಿ ಕೆಲವಕ್ಕೆ ಮಾತ್ರ ಐವರ್‌ಮೆಕ್ಟಿನ್ ಗುಂಪಿನ ಮದ್ದು ವಿಷವಾಗುತ್ತಿತ್ತು. ನೋಡಿದರೆ ಆ ಇಲಿಗಳಲ್ಲಿ ಪಿ-ಗ್ಲೈಕೊಪ್ರೋಟೀನ್ ಹುಟ್ಟಿನಿಂದಲೇ ಇರಲಿಲ್ಲ. ಯಾರೂ ಕೆಡಿಸಿದ್ದಲ್ಲ, ನಿಸರ್ಗದಲ್ಲೇ ಆದ ಕೊರತೆ. ಒಂದು ತಳಿ, ಅದರಲ್ಲಿ ಕೆಲವು ಪ್ರಾಣಿಗಳಿಗೆ ಮಾತ್ರ ವಿಷ. ಕೋಲಿಯ ಕತೆ ಗೊತ್ತಿದ್ದವರಿಗೆ ಇದು ಎಲ್ಲೋ ಕೇಳಿದ ಹಾಗಿದೆ ಅನ್ನಿಸಲೇಬೇಕಿತ್ತು.

ಅನ್ನಿಸಿದ್ದನ್ನು ಹಿಡಿದು ಕೊನೆ ಮುಟ್ಟಿಸಿದವರು ಕತ್ರಿನಾ ಮೀಲಿ. ಅಮೆರಿಕದ ವಾಯವ್ಯ ಮೂಲೆಯ ಪುಲ್‌ಮನ್ ಎಂಬ ಊರಿನ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅವರು ಪಶುವೈದ್ಯೆ, ಜೊತೆಗೆ ಔಷಧಶಾಸ್ತ್ರದ ತಜ್ಞೆ. ಈ ಎರಡು ಕಸುಬು ಒಬ್ಬರಲ್ಲೇ ಸೇರಿದ್ದು ಇಲ್ಲಿ ಮುಖ್ಯ. ಕೋಲಿಗಳ ತೊಂದರೆ ಪಶುವೈದ್ಯರಿಗೆ ಗೊತ್ತಿತ್ತು, ಅವರು ‘ಸೆಲ್’ ಪತ್ರಿಕೆ ಓದುವುದು ಕಡಿಮೆ. ಪಂಪಿನ ವಿಷಯ ಕ್ಯಾನ್ಸರ್ ಸಂಶೋಧಕರಿಗೆ ಗೊತ್ತಿತ್ತು, ಅವರ ಬಾಗಿಲಿಗೆ ಕೋಲಿ ಬರುವುದಿಲ್ಲ. ಹೊಸ ಉಪಕರಣ ಬೇಕಿರಲಿಲ್ಲ, ಎರಡು ಕಪಾಟುಗಳನ್ನು ಒಟ್ಟಿಗೆ ತೆರೆಯುವವರು ಬೇಕಿತ್ತು. ಕೋಲಿಯ ರೋಗಲಕ್ಷಣ ಮೊದಲು ವರದಿಯಾಗಿ ಕಾರಣ ಸಿಗುವಷ್ಟರಲ್ಲಿ ಹದಿನೆಂಟು ವರ್ಷ ಹಿಡಿದದ್ದಕ್ಕೆ ಇದೇ ದೊಡ್ಡ ಕಾರಣ ಎಂದು ನನಗನಿಸುತ್ತದೆ.

ಮೀಲಿ, ಸ್ಟೀವನ್ ಬೆಂಟ್‌ಜೆನ್, ಜಾನ್ ಗೇ ಮತ್ತು ಗ್ಲೆನ್ ಕ್ಯಾಂಟರ್ ಸೇರಿ ಸೂಕ್ಷ್ಮ ಕೋಲಿಗಳ ಮತ್ತು ಸೂಕ್ಷ್ಮವಲ್ಲದ ಕೋಲಿಗಳ ಎಂಡಿಆರ್-1 ಜೀನನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿದರು. ನಾಯಿಯ ಪೂರ್ಣ ಜೀನೋಮ್ ಆಗ ಲಭ್ಯವಿರಲಿಲ್ಲ. ಅದು ಪ್ರಕಟವಾದದ್ದು 2005ರಲ್ಲಿ. ಸಾವಿರಾರು ಜೀನುಗಳನ್ನು ಜಾಲಾಡಿ ತಪ್ಪಿತಸ್ಥನನ್ನು ಹುಡುಕುವ ಇಂದಿನ ಅನುಕೂಲ ಇವರಿಗಿರಲಿಲ್ಲ. ಇಲಿಗಳ ಸಾಕ್ಷ್ಯವನ್ನು ನಂಬಿ ಒಂದೇ ಜೀನಿನ ಮೇಲೆ ಪಣ ಕಟ್ಟಿದರು. ಪಣ ಗೆದ್ದಿತು. ಸೂಕ್ಷ್ಮ ನಾಯಿಗಳ ಜೀನಿನ ಆರಂಭದ ಭಾಗದಲ್ಲೇ ನಾಲ್ಕು ಅಕ್ಷರಗಳು ನಾಪತ್ತೆಯಾಗಿದ್ದವು.

ನಾಲ್ಕು ಎಂಬ ಸಂಖ್ಯೆಯಲ್ಲೇ ಅನಾಹುತವಿದೆ. ಜೀನಿನ ಬರಹವನ್ನು ಕೋಶ ಮೂರು ಮೂರು ಅಕ್ಷರವಾಗಿ ಓದುತ್ತದೆ; ಮೂರು ಅಕ್ಷರಕ್ಕೆ ಒಂದು ಅಮೈನೋ ಆಮ್ಲ. ಕಳೆದದ್ದು ಮೂರೇ ಆಗಿದ್ದರೆ ಪ್ರೋಟೀನಿನಲ್ಲಿ ಒಂದು ಅಮೈನೋ ಆಮ್ಲ ಕಡಿಮೆಯಾಗುತ್ತಿತ್ತು, ಪಂಪು ಹೇಗೋ ಓಡುತ್ತಿತ್ತೇನೋ. ನಾಲ್ಕು ಹೋದಾಗ ಅಲ್ಲಿಂದ ಮುಂದಿನ ಓದೆಲ್ಲ ಒಂದೊಂದು ಮನೆ ಪಕ್ಕಕ್ಕೆ ಸರಿಯಿತು. ಅರ್ಥವಿಲ್ಲದ ಅಮೈನೋ ಆಮ್ಲಗಳು ಒಂದಷ್ಟು ಸೇರಿ, ಸ್ವಲ್ಪ ದೂರದಲ್ಲೇ ‘ಇಲ್ಲಿಗೆ ನಿಲ್ಲಿಸು’ ಎಂಬ ಸಂಕೇತ ಸಿಕ್ಕಿ ಕೆಲಸ ನಿಂತುಹೋಯಿತು. ಸುಮಾರು 1280 ಅಮೈನೋ ಆಮ್ಲಗಳ ಪಂಪು ತಯಾರಾಗಬೇಕಿದ್ದಲ್ಲಿ ಹತ್ತರಲ್ಲಿ ಒಂದು ಪಾಲೂ ತಯಾರಾಗುವುದಿಲ್ಲ. ತಂದೆಯಿಂದ ಒಂದು, ತಾಯಿಯಿಂದ ಒಂದು, ಎರಡೂ ಕೆಟ್ಟ ಪ್ರತಿ ಪಡೆದ ನಾಯಿಯ ಮೈಯಲ್ಲಿ ಪಂಪೇ ಇಲ್ಲ. ಒಂದು ಪ್ರತಿ ಸರಿಯಿದ್ದರೆ ಐವರ್‌ಮೆಕ್ಟಿನ್‌ಗೆ ಅಂಥ ಸೂಕ್ಷ್ಮತೆ ಕಾಣಲಿಲ್ಲ. ಒಂದೇ ಮನೆಯ ಎರಡು ಕೋಲಿಗಳಲ್ಲಿ ಒಂದಕ್ಕೆ ಮಾತ್ರ ವಿಷವಾಗುತ್ತಿದ್ದದ್ದು ಏಕೆಂದು ಈಗ ತಿಳಿಯಿತು. 2001ರಲ್ಲಿ ಈ ಕೆಲಸ ಪ್ರಕಟವಾಯಿತು. ಎರಡು ವರ್ಷದಲ್ಲಿ ಫ್ರಾನ್ಸಿನ ಸಂಶೋಧಕರೂ ತಮ್ಮ ಕೋಲಿಗಳಲ್ಲಿ ಅದೇ ದೋಷವನ್ನು ಕಂಡರು.

ಆವಿಷ್ಕಾರ ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಸೂಕ್ಷ್ಮ ನಾಯಿಗಳು ಕೋಲಿಗಳಷ್ಟೇ ಅಲ್ಲ ಎಂದು ವೈದ್ಯರಿಗೆ ಅನುಭವದಿಂದ ಗೊತ್ತಿತ್ತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಮಾರ್ಕ್ ನೆಫ್ ಮತ್ತು ಸಂಗಡಿಗರು, ಮೀಲಿಯವರನ್ನೂ ಸೇರಿಸಿಕೊಂಡು, 4000ಕ್ಕೂ ಹೆಚ್ಚು ನಾಯಿಗಳ ಡಿಎನ್‌ಎ ಪರೀಕ್ಷಿಸಿದರು. 2004ರ ಅವರ ಪ್ರಬಂಧದಲ್ಲಿ ಒಂಬತ್ತು ತಳಿಗಳ ಹೆಸರು ಬಂತು. ಕೋಲಿಯೇ ಮುಂದು, ಆ ತಳಿಯಲ್ಲಿ ಇರುವ ಎಂಡಿಆರ್-1 ಪ್ರತಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೆಟ್ಟವೇ. ಶೆಟ್ಲೆಂಡ್ ಶೀಪ್‌ಡಾಗ್, ಓಲ್ಡ್ ಇಂಗ್ಲಿಷ್ ಶೀಪ್‌ಡಾಗ್, ಇಂಗ್ಲಿಷ್ ಶೆಫರ್ಡ್, ಮ್ಯಾಕ್‌ನ್ಯಾಬ್, ಆಸ್ಟ್ರೇಲಿಯನ್ ಶೆಫರ್ಡ್ ಮತ್ತು ಅದರ ಗಿಡ್ಡ ರೂಪದಲ್ಲೂ ಅದು ಸಿಕ್ಕಿತು. (ಆಸ್ಟ್ರೇಲಿಯನ್ ಶೆಫರ್ಡ್ ತಳಿಯಾಗಿ ರೂಪುಗೊಂಡದ್ದು ಅಮೆರಿಕದಲ್ಲಿ, ಹೆಸರು ನೋಡಿ ಊರು ಹೇಳುವಂತಿಲ್ಲ.) ಅದೇ ಕುರಿ ಕಾಯುವ ಬಾರ್ಡರ್ ಕೋಲಿಗಳಲ್ಲಿ ಆ ಅಧ್ಯಯನಕ್ಕೆ ದೋಷ ಸಿಗಲಿಲ್ಲ. ಆಮೇಲೆ ನಡೆದ ಪರೀಕ್ಷೆಗಳಲ್ಲಿ ಸಿಕ್ಕಿತು, ಆದರೆ ತೀರ ಅಪರೂಪವಾಗಿ.

ನನಗೆ ಈ ಕತೆಯಲ್ಲಿ ಅತ್ಯಂತ ರುಚಿಸಿದ್ದು ಪಟ್ಟಿಯ ಉಳಿದೆರಡು ಹೆಸರು. ಉದ್ದಗೂದಲಿನ ವಿಪೆಟ್ ಮತ್ತು ಸಿಲ್ಕನ್ ವಿಂಡ್‌ಹೌಂಡ್. ಇವು ಕುರಿ ಕಾಯುವ ನಾಯಿಗಳಲ್ಲ. ಕಣ್ಣಿನಿಂದ ಬೇಟೆ ಗುರುತಿಸಿ ಬೆನ್ನಟ್ಟುವ, ತೆಳ್ಳಗಿನ ಓಟದ ನಾಯಿಗಳು; ನಮ್ಮ ಮುಧೋಳದ ನಾಯಿಯ ವರಸೆಯವು. ಕುರಿನಾಯಿಯ ದೋಷ ಇಲ್ಲಿಗೆ ಹೇಗೆ ಬಂತು? ಉದ್ದಗೂದಲು ವಿಪೆಟ್ ವಂಶದಲ್ಲೇ ಹಳೆಯ ಕಾಲದಿಂದ ಅಡಗಿ ಬಂದದ್ದು ಎಂಬ ವಾದವಿತ್ತು. ಜೀನು ಬೇರೆ ಸಾಕ್ಷಿ ಹೇಳಿತು. ಕೆಟ್ಟ ಪ್ರತಿಯ ಅಕ್ಕಪಕ್ಕದ ಡಿಎನ್‌ಎ ಗುರುತುಗಳು ಕೂಡ ಕೋಲಿಯದ್ದನ್ನೇ ಹೋಲುತ್ತಿದ್ದವು. ಎಲ್ಲೋ ಒಂದು ತಲೆಮಾರಿನಲ್ಲಿ ಕುರಿನಾಯಿಯ ರಕ್ತ ಬೆರೆತಿದೆ. ವಂಶಾವಳಿ ಪುಸ್ತಕದಲ್ಲಿ ಏನೇ ಬರೆದಿರಲಿ, ಇದನ್ನು ಅಳಿಸಲಾಗದು.

ಒಂಬತ್ತೂ ತಳಿಗಳಲ್ಲಿ ಈ ಗುರುತುಗಳು ಒಂದೇ ಬಗೆಯಲ್ಲಿದ್ದವು ಎಂದರೆ ದೋಷ ಒಂಬತ್ತು ಸಲ ಹುಟ್ಟಿದ್ದಲ್ಲ, ಒಂದೇ ಸಲ ಹುಟ್ಟಿದ್ದು. ನೆಫ್ ತಂಡದ ತೀರ್ಮಾನದಂತೆ ಈ ದೋಷವಿರುವ ನಾಯಿಗಳೆಲ್ಲ ಒಂದೇ ಪೂರ್ವಜ ನಾಯಿಯ ಸಂತಾನ. ಅದು ಬ್ರಿಟನ್ನಿನಲ್ಲಿ, ಸುಮಾರು 1873ಕ್ಕೆ ಮೊದಲು, ಅಂದರೆ ತಳಿಗಳನ್ನು ನೋಂದಾಯಿಸಿ ಬೇರೆ ಬೇರೆ ಬೇಲಿಯೊಳಗೆ ಕೂಡುವ ಮೊದಲು ಬದುಕಿದ್ದ ನಾಯಿ. ಆಗ ಕುರಿ ಕಾಯುವವರು ನಾಯಿಯ ಕೆಲಸ ನೋಡಿ ಕೂಡಿಸುತ್ತಿದ್ದರೇ ಹೊರತು ಹೆಸರು ನೋಡಿ ಅಲ್ಲ. ಪ್ರದರ್ಶನಗಳು ಬಂದ ಮೇಲೆ ಮೆಚ್ಚುಗೆ ಪಡೆದ ಕೆಲವೇ ಗಂಡುಗಳಿಂದ ನೂರಾರು ಮರಿಗಳಾದವು. ಪಂಪು ಇಲ್ಲದ ನಾಯಿ ಕುರಿ ಕಾಯಲು ಅಸಮರ್ಥವಲ್ಲ, ಮರಿ ಹಾಕಲು ಅಸಮರ್ಥವಲ್ಲ. ಅದನ್ನು ದೂರ ಇಡಲು ಯಾರಿಗೂ ಕಾರಣವೇ ಇರಲಿಲ್ಲ.

ಪಂಪು ಹೊರಹಾಕುವುದು ಐವರ್‌ಮೆಕ್ಟಿನ್ ಒಂದನ್ನೇ ಅಲ್ಲ ಎಂಬುದು ಬಲುಬೇಗ ಗೊತ್ತಾಯಿತು. ಮೀಲಿಯವರ ತಂಡವೇ ಒಂದೊಂದಾಗಿ ವರದಿ ಮಾಡಿತು. ಕ್ಯಾನ್ಸರ್ ಚಿಕಿತ್ಸೆಯ ವಿನ್‌ಕ್ರಿಸ್ಟಿನ್, ಡಾಕ್ಸೊರುಬಿಸಿನ್ ಈ ನಾಯಿಗಳಿಗೆ ರೂಢಿಯ ಪ್ರಮಾಣದಲ್ಲೂ ಹೆಚ್ಚಾಗುತ್ತವೆ. ಶಸ್ತ್ರಚಿಕಿತ್ಸೆಗೆ ಮೊದಲು ಕೊಡುವ ಅಸಿಪ್ರೊಮಜಿನ್, ನೋವಿಗೆ ಕೊಡುವ ಬುಟಾರ್ಫನಾಲ್ ಈ ನಾಯಿಗಳನ್ನು ಅತಿಯಾದ ಮಂಪರಿಗೆ ತಳ್ಳುತ್ತವೆ. ಈ ಮದ್ದುಗಳನ್ನು ಒಂದೇ ಪ್ರತಿ ಕೆಟ್ಟ ನಾಯಿಗೆ ಕೊಡುವಾಗಲೂ ಪ್ರಮಾಣ ತಗ್ಗಿಸಬೇಕು. ಎಲ್ಲಕ್ಕಿಂತ ಮೋಸದ ಮದ್ದು ಲೋಪೆರಮೈಡ್. ಮನುಷ್ಯರ ಭೇದಿಗೆ ಮೆಡಿಕಲ್ ಶಾಪಿನಲ್ಲಿ ಸಿಗುವ ಮಾತ್ರೆ ಅದು. ರಾಸಾಯನಿಕವಾಗಿ ಅದು ಅಫೀಮಿನ ಗುಂಪಿಗೆ ಸೇರಿದರೂ ನಮಗೆ ಅಮಲೇರುವುದಿಲ್ಲ, ಏಕೆಂದರೆ ಮಿದುಳಿನ ಬಾಗಿಲಿಂದ ಪಂಪು ಅದನ್ನು ಹೊರದಬ್ಬುತ್ತದೆ. ಪಂಪಿಲ್ಲದ ಕೋಲಿಗೆ ಅದು ನರಗಳಿಗೇರುವ ವಿಷವಾದದ್ದನ್ನು 2004ರಲ್ಲಿ ದಾಖಲಿಸಿದರು.

ಮನುಷ್ಯರಲ್ಲಿ? ಎರಡೂ ಪ್ರತಿ ಕೆಟ್ಟವರು ತೀರ ವಿರಳ. 2020ರಲ್ಲಿ ಫ್ರಾನ್ಸಿನ ವೈದ್ಯರು 13 ವರ್ಷದ ಹುಡುಗನೊಬ್ಬನ ವಿಷಯ ಪ್ರಕಟಿಸಿದರು. ಕಜ್ಜಿಗೆ ರೂಢಿಯ ಪ್ರಮಾಣದಲ್ಲೇ ಐವರ್‌ಮೆಕ್ಟಿನ್ ಕೊಟ್ಟಿದ್ದರೂ ಅವನು ಕೋಮಾಕ್ಕೆ ಜಾರಿದ್ದ, ಆಮೇಲೆ ಚೇತರಿಸಿಕೊಂಡ. ಪರೀಕ್ಷಿಸಿದರೆ ಅವನ ಎಬಿಸಿಬಿ-1 ಜೀನಿನ ಎರಡು ಪ್ರತಿಗಳಲ್ಲೂ ಅರ್ಧಕ್ಕೇ ನಿಲ್ಲಿಸುವ ದೋಷಗಳಿದ್ದವು. ಬೆಕ್ಕುಗಳಲ್ಲೂ ಇದೇ ಜೀನಿನ ಬೇರೊಂದು ದೋಷ ಸಿಕ್ಕಿದೆ.

ಇಂದು ನಾಯಿಯ ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಉಜ್ಜಿ ಕಳಿಸಿದರೆ ಪ್ರಯೋಗಾಲಯ ಮೂರರಲ್ಲಿ ಒಂದು ಉತ್ತರ ಕೊಡುತ್ತದೆ: ಎರಡೂ ಸರಿ, ಒಂದು ಕೆಟ್ಟಿದೆ, ಎರಡೂ ಕೆಟ್ಟಿವೆ. ಹಾಗಾದರೆ ಕೆಟ್ಟ ಪ್ರತಿಯಿರುವ ನಾಯಿಗಳಿಂದ ಮರಿ ತೆಗೆಯುವುದನ್ನೇ ನಿಲ್ಲಿಸಬಾರದೇ ಎಂದು ಕೆಲವರು ಕೇಳುತ್ತಾರೆ. ಕೋಲಿಯ ಮಟ್ಟಿಗೆ ಅದು ಆತುರದ ಮಾತು. ಬಹುಪಾಲು ಕೋಲಿಗಳಲ್ಲಿ ಒಂದಾದರೂ ಕೆಟ್ಟ ಪ್ರತಿ ಇದೆ. ಅವನ್ನೆಲ್ಲ ಬದಿಗಿಟ್ಟರೆ ಉಳಿಯುವ ಬೆರಳೆಣಿಕೆಯ ನಾಯಿಗಳ ಒಳಕೂಡುವಿಕೆಯಿಂದ ಇನ್ನೂ ಕೆಟ್ಟ ರೋಗಗಳು ಬರುತ್ತವೆ. ಸರಿಯಾದ ಜೋಡಿ ನೋಡಿ ತಲೆಮಾರಿನಿಂದ ತಲೆಮಾರಿಗೆ ಕಡಿಮೆ ಮಾಡಿಕೊಂಡು ಹೋಗುವುದೇ ಜಾಣತನ. ಅಷ್ಟರವರೆಗೆ ಈ ನಾಯಿಗಳಿಗೆ ಬೇಕಾದದ್ದು ಎಚ್ಚರ ಮಾತ್ರ. ಸರಿಯಾದ ಮದ್ದು ಆರಿಸಿದರೆ ಪಂಪಿಲ್ಲದ ಕೋಲಿಯೂ ಬೇರೆ ನಾಯಿಗಳಷ್ಟೇ ದಿನ ಬದುಕುತ್ತದೆ.

ಬೆಂಗಳೂರು, ಮೈಸೂರು, ಮಂಗಳೂರಿನ ಮನೆಗಳಲ್ಲಿ ಇಂದು ಕೋಲಿ, ಶೆಟ್ಲೆಂಡ್ ಶೀಪ್‌ಡಾಗ್, ಆಸ್ಟ್ರೇಲಿಯನ್ ಶೆಫರ್ಡ್ ಕಾಣಸಿಗುತ್ತವೆ. ಕಜ್ಜಿಗೂ ಉಣ್ಣಿಗೂ ಐವರ್‌ಮೆಕ್ಟಿನ್ ಇಂಜೆಕ್ಷನ್ ಕೊಡುವುದು ನಮ್ಮಲ್ಲಿ ಸಾಮಾನ್ಯ. ಈ ಸೂಜಿಯ ಪ್ರಮಾಣ ಹೃದಯದ ಹುಳುವಿನ ಮಾತ್ರೆಯ ಪ್ರಮಾಣಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಇಂಥ ತಳಿಯ ನಾಯಿಯಾಗಲಿ, ಇದೇ ದೋಷ ಇರಬಹುದಾದ ಜರ್ಮನ್ ಶೆಫರ್ಡ್ ಆಗಲಿ, ಇವುಗಳ ಮಿಶ್ರತಳಿಯಾಗಲಿ ನಿಮ್ಮ ಮನೆಯಲ್ಲಿದ್ದರೆ ಸೂಜಿ ಚುಚ್ಚುವ ಮೊದಲೇ ಡಾಕ್ಟರಿಗೆ ತಳಿಯ ಹೆಸರು ಹೇಳಿ, ಎಂಡಿಆರ್-1 ಪರೀಕ್ಷೆ ಮಾಡಿಸಬಹುದೇ ಎಂದು ಕೇಳಿ. ಭೇದಿಯಾದಾಗ ಮನೆಯಲ್ಲಿರುವ ಲೋಪೆರಮೈಡ್ ಮಾತ್ರೆಯನ್ನು ನೀವಾಗಿಯೇ ನಾಯಿಗೆ ಕೊಡಬೇಡಿ. ದನ ಕುರಿಗಳಿಗೆ ಜಂತುಹುಳುವಿನ ಮದ್ದು ಕುಡಿಸಿದ್ದರೆ ಕೆಲವು ದಿನ ಈ ನಾಯಿಯನ್ನು ಕೊಟ್ಟಿಗೆಯ ಕಡೆ ಬಿಡಬೇಡಿ. ಮದ್ದಿನ ನಂತರ ನಾಯಿ ತೂರಾಡತೊಡಗಿದರೆ ಬೆಳಗಾಗಲಿ ನೋಡೋಣ ಎಂದು ಕಾಯದೆ ಆಸ್ಪತ್ರೆಗೆ ಒಯ್ಯಿರಿ. ಈ ವಿಷಕ್ಕೆ ಪ್ರತಿಮದ್ದಿಲ್ಲ, ಆದರೆ ಉಸಿರಾಟ ನೋಡಿಕೊಂಡು, ಡ್ರಿಪ್ ಹಾಕಿ, ಮಗ್ಗುಲು ಬದಲಿಸುತ್ತ ಆರೈಕೆ ಮಾಡಿದರೆ ವಾರಗಳ ಕೋಮಾದಿಂದಲೂ ಎದ್ದುಬಂದ ನಾಯಿಗಳಿವೆ.